ಒಂದು, ರೆಂಡು, ಮೂಣು

ತಳಿ ಬಸ್ ನಿಲ್ದಾಣದ ಹಿಂದೆ
ದಸ್ತಗೀರ್ ಮಾಮನ ಪಂಕ್ಚರ್ ಅಂಗಡಿ.
ಕಪ್ಪೆ ಹುಟ್ಟಿದ್ದು ಅಲ್ಲಿ,
ನಾನು ಕದ್ದು ತಂದ ಹವಾಯಿ ಚಪ್ಪಲಿಯ ಹಿಮ್ಮಡಿಯಿಂದ.
ಬ್ಲೇಡಿನಲ್ಲಿ ಕೊರೆದು, ಹಳೇ ಟ್ಯೂಬು ಸೀಳಿ ಕಾಲು ಕಟ್ಟಿ
ಗಾಳದ ಎರಡೂ ಮೊನೆ ಬೆನ್ನಿಗೆ ಒತ್ತಿಟ್ಟ:
"ಹಿಂಗಿದ್ರೆ ಜೊಂಡಿಗೆ ಸಿಕ್ಕಲ್ಲ."

ನೀಲಿ ಕಪ್ಪೆ ಎಲ್ಲಾದ್ರೂ ಇರ್ತದಾ ಮಾಮ?
"ಕೊರವ ಮೀನು ನೋಡೋದು ಕೆಳಗಿಂದ, ಬೇಟಿ.
ಕೆಳಗಿಂದ ನೋಡಿದ್ರೆ ಎಲ್ಲಾ ಬಣ್ಣಾನೂ ಕಪ್ಪೇ."

ಕೆರೆಗೆ ಹೋದದ್ದು ಬರಿಗಾಲಲ್ಲಿ.
ದಡ ದಪದಪ ಅಂದರೆ ಅದಕ್ಕೆ ಹೊಟ್ಟೆಯಲ್ಲೇ ಕೇಳುತ್ತದಂತೆ.
ಬಿಸಿಲನ್ನು ಮುಖಕ್ಕೆ ತಗೋ, ನೆರಳು ಹಿಂದೆ ಬೀಳಲಿ.
ಮಾತು ಬೇಡ. ಬೀಡಿ ಮಾತ್ರ ಅವನಿಗೆ.
ಎಲ್ಲೋ ಗುಳುಕ್ ಅಂತು.
"ಉಸಿರಿಗೆ ಬಂತು. ಅದಕ್ಕೂ ನಮ್ಮಂಗೆ ಗಾಳಿ ಬೇಕು.
ಆ ಜಾಗ ನೆನಪಿಟ್ಕೊ. ಅಲ್ಲಿಗೇ ಎಸೀಬೇಡ, ಅದರಾಚೆಗೆ."

ಸೋಡಾ ಬಾಟಲಿಗೆ ಸುತ್ತಿದ ದಾರ ಸರಸರ ಬಿಚ್ಚಿಕೊಂಡು
ಕಪ್ಪೆ ತಾವರೆ ಎಲೆ ಮೇಲೆ ಕೂತಿತು.
ಕೂರಲಿ ಬಿಡು.
ಸಾಲ ಕೇಳಲು ಬಂದವನ ಹಾಗೆ ಸ್ವಲ್ಪ ಹೊತ್ತು ಸುಮ್ಮನೆ.
ಆಮೇಲೆ ಜಾರಿದಂತೆ ನೀರಿಗೆ.
ಮಿಡಿ. ಮಿಡಿ. ನಿಲ್ಲಿಸು.

"ಬಾಯಿ ಹಾಕ್ತು ಅಂತ ಎಳೀಬೇಡ. ಎಣಿಸು.
ಒಂದು, ಬಾಯಿ ಮುಚ್ಚಿತು.
ರೆಂಡು, ತಲೆ ತಿರುಗಿಸಿತು.
ಮೂಣು, ಮನೆ ಕಡೆ ಹೊರಟಿತು.
ಚಾರ್ ಅಂದಾಗ ಎಳಿ, ಜೋರಾಗಿ."
ಪಂಕ್ಚರಿಗೆ ಬಂದವರ ಬಾಯಿಂದ
ಒಂದೊಂದು ಅಂಕಿ ಇಸಿದುಕೊಂಡು
ಕೊನೆಯದನ್ನು ಮಾತ್ರ ಸ್ವಂತದ್ದು ಇಟ್ಟಿದ್ದ.

ನೀರು ಒಡೆಯಿತು.
ಬಿಂದಿಗೆ ಬಾವಿಗೆ ಬಿದ್ದಂಥ ಸದ್ದು,
ತಾವರೆ ಎಲೆ ಮಗುಚಿ ಅದರ ಕೆಂಪು ಅಡಿ ಕಂಡಿತು,
ಕಪ್ಪೆ ಹಾರಿಬಂದು ನನ್ನ ಕಿವಿಗೆ ತಗುಲಿತು.
ದಾರದ ತುಂಬ ಪಾಚಿ. ಮೀನಿಲ್ಲ.

ಮಾಮ ಬೀಡಿ ತೆಗೆದು ನೀರನ್ನೇ ನೋಡಿದ:
"ತೆಲುಗಲ್ಲೇ ಎಳೆದುಬಿಟ್ಟೆಯಲ್ಲಾ..."

ಸಂಜೆ ಬಾಗಿಲಲ್ಲಿ ಅವ್ವ.
ಕೈಯಲ್ಲಿ ಹಿಮ್ಮಡಿಯಿಲ್ಲದ ಚಪ್ಪಲಿ.
ನನ್ನ ಲಂಗದ ಜೇಬಿನಲ್ಲಿ ಹಿಮ್ಮಡಿ,
ಅದರ ಬೆನ್ನಿಗೆ ಏಳು ಹಲ್ಲಿನ ತೂತು.
"ಮೂರೆಣಿಸೋದ್ರೊಳಗೆ ಹೇಳು.
ಒಂದು. ಎರಡು."
ನಾನು ಕದಲಲಿಲ್ಲ. ಈ ಸಲ ಅವಸರವಿಲ್ಲ.
ಅವ್ವನ ಎಣಿಕೆಯಲ್ಲಿ ಚಾರ್ ಇಲ್ಲವೆಂದು
ಯಾರೂ ಹೇಳಿಕೊಟ್ಟಿರಲಿಲ್ಲ.