ಸೇರಿಗೆ ಪಾವು

ಕಣ್ಣಿಗೆ ಪೊರೆ ಬಂದ ವರ್ಷ
ಸುಬೇದಾರ್ ಉತ್ತಯ್ಯ ಅದನ್ನು ನನಗೆ ಮಾರಿದರು, ಅರ್ಧ ಬೆಲೆಗೆ,
ಗೋಣಿಕೊಪ್ಪದ ವರಾಂಡದಲ್ಲಿ,
ಉಣ್ಣೆಯ ಕಾಲುಚೀಲದೊಳಗಿಂದ ತೆಗೆದು.
ಅಂಗೈಯಲ್ಲಿ ಕೂರುವ ಕಪ್ಪು ಬಳೆ, ಹೊಟ್ಟೆಯಲ್ಲಿ ಏಳು ಗಾಜು.
ಟೂ ಎಕ್ಸ್ ಕನ್ವರ್ಟರ್.
"ಮುನ್ನೂರರ ಲೆನ್ಸು ಆರುನೂರಾಗುತ್ತೆ," ಎಂದರು.
ಮಾರುವವರು ಹೇಳದ ಮಾತನ್ನೂ ಅವರೇ ಹೇಳಿದರು:
"ಸುಂಕ ಇದೆ ನೋಡಮ್ಮ.
ಸೇರು ಬೆಳಕು ಸುರಿದರೆ
ಒಳಗೆ ಹೋಗುವುದು ಪಾವು."

ವಿರಾಜಪೇಟೆಯಲ್ಲಿ ನನ್ನದು ಮದುವೆ ಕೆಲಸ.
ಕುಪ್ಯದ ಮೇಲಿನ ಕೆಂಪು ಚೇಲೆ,
ಮದುಮಗಳ ಮೂಗಿನ ತುದಿಯ ಬೆವರು,
ಪೀಚೆಕತ್ತಿಯ ಹಿಡಿ ಸವರುವ ಮಾವನ ಹೆಬ್ಬೆರಳು.
ದೂರ ಅಂದರೆ ನನಗೆ
ಎರಡು ಹೆಜ್ಜೆ ಹಿಂದೆ ಸರಿದು ಯಾರದೋ ಕಾಲು ತುಳಿಯುವುದು.

ಸೋಮವಾರ ಸ್ಟುಡಿಯೋ ಬಾಗಿಲು ಹಾಕಿ ಮಾಕುಟ್ಟಕ್ಕೆ ಇಳಿದೆ.
ಕಾಕರಣೆ ಹಕ್ಕಿ ಹೊಳೆಯಾಚೆ
ಬಿದಿರಿನ ಕತ್ತಲಲ್ಲಿ ಕೂತಿತ್ತು, ಎದೆಯಲ್ಲಿ ಕೆಂಡ.
ಲೆನ್ಸು ಹುಡುಕಿತು, ಮುಂದೆ ಹೋಯಿತು, ಹಿಂದೆ ಬಂತು,
ಕನ್ನಡಕ ಕಳೆದುಕೊಂಡವನು ಅಂಗಿಜೇಬು ತಡವಿದ ಹಾಗೆ.
ಎಲ್ಲ ಇಮ್ಮಡಿಯಾಗಿತ್ತು: ಹಕ್ಕಿ, ಎಲೆಯ ನಡುಕ,
ನನ್ನ ಮಣಿಕಟ್ಟಿನಲ್ಲಿ ನನಗೇ ಗೊತ್ತಿಲ್ಲದ ಒಂದು ನಾಡಿ.
ಇನ್ನೊಂದಿಷ್ಟು ಬೆಳಕು ಬಿಡು ಎಂದು ಅಂಗಲಾಚಿದೆ.
ಸುಂಕದವನ ಮುಂದೆ ಯಾರ ಸುಖದುಃಖ ನಡೆದೀತು?
ಮನೆಗೆ ತಂದದ್ದು ನಲವತ್ತು ಚಿತ್ರ.
ನಲವತ್ತರಲ್ಲೂ ಯಾರೋ ಕುಂಕುಮ ಕಲಸಿ ಒರೆಸಿದ್ದರು.

ಉತ್ತಯ್ಯ ನಕ್ಕು ಬಂದೂಕಿನ ಪಾಠ ಹೇಳಿದರು:
ಕೈಲ್‌ಪೊಳ್ದಿಗೆ ತೆಂಗಿನಕಾಯಿಗೆ ಗುರಿಯಿಡುವಾಗ
ಅರ್ಧ ಉಸಿರು ಬಿಡಬೇಕು, ಉಳಿದರ್ಧ ತಡೆಯಬೇಕು,
ಬೆರಳಿಗೇ ತಿಳಿಯದ ಹಾಗೆ ಬೆರಳು ಬಾಗಬೇಕು.
ಜೀಪಿನ ಕಿಟಕಿಗೆ ದಿಂಬು ಕೊಟ್ಟರು, ಒಳಗೆ ಒಣಗಿದ ಕಾಫಿ ಸಿಪ್ಪೆ.
"ಮೂರನೇ ತಿರುವು ದಾಟಿದರೆ ಎಡಕ್ಕೆ ವಾಲಿದ ಧೂಪದ ಮರ.
ಇನ್ನೂ ಇದೆಯೋ ಏನೋ."
ತಾವು ಬರಲಿಲ್ಲ.

ಇತ್ತು.
ಪೊಟರೆಗೆ ಮಣ್ಣಿನ ಗೋಡೆ, ಗೋಡೆಯಲ್ಲಿ ಬೆರಳಗಲ ಸೀಳು,
ಸೀಳಿನಲ್ಲಿ ಆಗಾಗ ಕೊಕ್ಕಿನ ತುದಿ.
ಹೆಣ್ಣು ಮಂಗಟ್ಟೆ ತನ್ನ ಬಾಗಿಲನ್ನು ತಾನೇ ಮೆತ್ತಿಕೊಂಡು ಕೂತಿತ್ತು.
ನಾನು ನೂರು ಹೆಜ್ಜೆ ಈಚೆ.
ಇನ್ನೂ ಹತ್ತಿರ ಹೋಗಬಹುದಿತ್ತು,
ಹೋದರೆ ಗಂಡು ಬರುವುದಿಲ್ಲ,
ಬರದಿದ್ದರೆ ಗೋಡೆಯಾಚೆ ಹಸಿವು.
ಆಗ ಅನಿಸಿತು, ಈ ಕಪ್ಪು ಬಳೆಯನ್ನು
ಉತ್ತಯ್ಯ ತೊಡಿಸಿದ್ದು ನನ್ನ ಕಾಲಿಗೆ.

ಹನ್ನೊಂದಕ್ಕೆ ಬಿಸಿಲು ಕೊಂಬೆ ದಾಟಿ ಬಿತ್ತು,
ಹೆಚ್ಚೆಂದರೆ ಒಂದು ಸೇರು.
ಕೊಡಗಿಗೆ ಎಂದೂ ಬಾರದ ರೈಲು ಆಕಾಶದಲ್ಲಿ ಬಂತು:
ಅದರ ರೆಕ್ಕೆಯ ಸದ್ದು.
ಗಂಟಲಿಂದ ಅತ್ತಿಹಣ್ಣು ಒಂದೊಂದೇ ತೆಗೆದು
ಸೀಳಿಗೆ ಇಟ್ಟಿತು.
ಅರ್ಧ ಉಸಿರು ಬಿಟ್ಟೆ.

ಚಿತ್ರ ಅಷ್ಟೇನೂ ಚೂಪಿಲ್ಲ, ಅಂಚಿಗೆ ಮಂಜು.
ಆದರೂ ಗಂಡಿನ ಕಣ್ಣರೆಪ್ಪೆಯ ಕೂದಲು ಎಣಿಸಬಹುದು.
ಉತ್ತಯ್ಯ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು
ತುಂಬ ಹೊತ್ತು ಎಣಿಸಿದರು.
"ಆಗ ನನಗೆ ಹದಿಮೂರು. ಗುರಿ ಚೆನ್ನಾಗಿತ್ತು.
ಇದೇ ಮರ.
ಒಳಗೆ ಇನ್ನೊಂದಿದೆ ಅಂತ ಯಾರೂ ಹೇಳಿರಲಿಲ್ಲ.
ಮೂರು ದಿನ ಕೇಳಿಸ್ತು."
ಬೆಲ್ಲದ ಕಾಫಿ ಬಂತು. ಕುಡಿದೆವು.
ಚಿತ್ರ ವಾಪಸ್ಸು ಕೊಡಲಿಲ್ಲ.

ಈಗ ಮಳೆ ಹಿಡಿದಿದೆ, ಕಾಡಿನ ದಾರಿ ಮುಚ್ಚಿದೆ.
ಗಾಜಿಗೆ ಬೂಷ್ಟು ಹತ್ತದಿರಲೆಂದು
ಅದನ್ನು ಕಾಲುಚೀಲದ ಸಮೇತ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದೇನೆ.
ಸಂಜೆ ಅನ್ನಕ್ಕೆ ಅಳೆಯುವಾಗ
ಅತ್ತೆಯ ಪಾವು ಅದಕ್ಕೆ ತಾಗುತ್ತದೆ.
ದಿನಾ ಬೈಯುತ್ತಾರೆ.
ಬೈದು, ಮೇಲೆ ಮತ್ತೆ ಅಕ್ಕಿ ಎಳೆಯುತ್ತಾರೆ.