ಬಿಳೀ ಪೇಸ್ಟು

ಶಾರ್ಜಾದ ಮನೆ ಬಿಡುವಾಗ ಗೋಡೆಯಲ್ಲಿ ಎಷ್ಟು ತೂತೋ
ಅಷ್ಟು ಐವತ್ತು ದಿರ್ಹಮ್ ಡೆಪಾಸಿಟ್ಟಿನಿಂದ ಕಡಿತ.
ಕರಾರಿನ ಹನ್ನೊಂದನೇ ಕಲಮಿನಲ್ಲಿದೆಯಂತೆ, ಅರಬ್ಬಿಯಲ್ಲಿ.
ಏಳು ವರ್ಷ ಅದರ ಕೆಳಗೆ ಸಹಿ ಹಾಕುತ್ತ ಬಂದವಳು ನಾನೇ.

ವಾಚ್‌ಮನ್ ಶಫೀಕುಲ್ ಲಿಫ್ಟಿನ ಬಳಿ ದನಿ ತಗ್ಗಿಸಿದ:
'ಪೇಸ್ಟ್ ಮೆತ್ತಿ ದೀದಿ. ಬಿಳೀದು.
ಜೆಲ್ ಬೇಡ, ನೀಲಿ ಕಾಣ್ತದೆ.'

ಹಾಗಾಗಿ ರಾತ್ರಿ ಹನ್ನೊಂದಕ್ಕೆ ಸ್ಟೂಲು ಹತ್ತಿ
ಗೋಡೆಗೆ ಹಲ್ಲುಜ್ಜಿಸುತ್ತಿದ್ದೇನೆ.

ಇದು ಶಿಲುಬೆಯ ಮೊಳೆ.
ಇದು ಕ್ಯಾಲೆಂಡರಿನದು: ಗ್ಯಾಸು ಬಂದದ್ದು, ನನ್ನ ಮುಟ್ಟು,
ಬಾಡಿಗೆಯ ಚೆಕ್ಕು ಬ್ಯಾಂಕಿಗೆ ಬೀಳುವ ದಿನ,
ಎಲ್ಲಕ್ಕೂ ಒಂದೇ ಕೆಂಪು ಸುತ್ತು.
ಇದು ಕನ್ನಡಿಯದು, ಸಿಪ್ರಿಯನ್ ತನ್ನ ಎತ್ತರಕ್ಕೆ ಹೊಡೆದದ್ದು;
ಏಳು ವರ್ಷ ನನಗೆ ಅದರಲ್ಲಿ ಕಂಡದ್ದು ಹಣೆ ಮತ್ತು ಹುಬ್ಬು.
ಬಾಗಿಲ ಹಿಂದಿನದು ನಮ್ಮದಲ್ಲ,
ನಮಗಿಂತ ಮುಂಚೆ ಇದ್ದವರದು.
ಅದಕ್ಕೂ ಪೇಸ್ಟು. ಐವತ್ತು ಐವತ್ತೇ.

ಹಗಲೆಲ್ಲ ಕಾಗದದ ಕೆಲಸ.
ಕರೆಂಟಿನ ಬಾಕಿ ತೀರಿದ ಚೀಟಿ ತರದೆ ಮನೆ ಬಿಡುವಂತಿಲ್ಲ,
ಮನೆ ಬಿಟ್ಟ ಚೀಟಿ ತೋರಿಸದೆ ಕರೆಂಟಿನ ಬಾಕಿ ತೀರುವಂತಿಲ್ಲ.
ಎರಡು ಕೌಂಟರುಗಳ ನಡುವೆ ಟೋಕನ್ ಹಿಡಿದು ಕೂತೆ.
ನನ್ನ ನಂಬರ್ ಬಂದಾಗ ನಮಾಜಿನ ಬಿಡುವು.
ಶಾಲೆಯವರು ಟಿ.ಸಿ. ಕೊಟ್ಟರು. ಅದರಲ್ಲಿ ರೆನಿಟಾ ರೆನಾಟ್ ಆಗಿದ್ದಾಳೆ,
ಪಕ್ಕದ ಅಂಕಣದಲ್ಲಿ 'ಗಂಡು'.
ರಾಸ್ ಅಲ್ ಖೈಮಾದ ಹೊಸ ಶಾಲೆಯಾಕೆ ಕನ್ನಡಕದ ಮೇಲಿಂದ ನೋಡಿ:
'ಮಗಳನ್ನು ತಂದಿದ್ದೀರಿ ಸರಿ. ಮಗನೆಲ್ಲಿ?'

ಅವಳು ಅತ್ತಳು. ನನಗೆ ನಗು ಬಂತು. ಆಮೇಲೆ ನಾನೂ.

ಗುಲ್ಜಮಾನನ ಪಿಕಪ್ಪು ಎಂಟಕ್ಕೆ ಎಂದದ್ದು ಹನ್ನೊಂದೂವರೆಗೆ ಬಂತು.
ಫೋನಿನಲ್ಲಿ ನಾನೂರು, ಸಾಮಾನು ಕಂಡ ಮೇಲೆ ಆರುನೂರು,
ದೋಸೆ ಹಿಟ್ಟಿನ ಗ್ರೈಂಡರ್ ಎತ್ತಿದ ಮೇಲೆ ಸ್ವಲ್ಪ ಹೊತ್ತು ಮಾತಿಲ್ಲ.
ಆಮೇಲೆ, 'ಬಾಜಿ, ಇದರೊಳಗೆ ಯಾರನ್ನು ಹೂತಿದ್ದೀರಿ?'

ಕೆಳಗೆ ಮೊಯ್ದೀನ್‌ಕುಞ್ಞಿಯ ಗ್ರಾಸರಿ. ಅವನ ಸಾಲದ ಪುಸ್ತಕದಲ್ಲಿ
ನಮಗೆ ಹೆಸರಿಲ್ಲ, ಬರೀ ಫ್ಲ್ಯಾಟಿನ ನಂಬರು: ೩೦೪.
ಇನ್ನೂರ ಹದಿನೇಳು ಕೊಟ್ಟೆ. ಹದಿನೇಳು ತಿರುಗಿ ಕೊಟ್ಟ.
ಸ್ಕೇಲಿಟ್ಟು, ನೇರವಾಗಿ, ಪುಟಕ್ಕೆ ಅಡ್ಡಗೆರೆ ಎಳೆದ.
ನಾಳೆ ಬೆಳಿಗ್ಗೆ ೩೦೪ಕ್ಕೆ ಬರುವವರು
ಇದೇ ಗೆರೆಯ ಕೆಳಗಿಂದ ಮೊಸರು ಒಯ್ಯುತ್ತಾರೆ.

ಕಿನ್ನಿಗೋಳಿಯಿಂದ ಅತ್ತೆಯ ಫೋನು:
'ಗಲ್ಫಿನಿಂದ ಗಲ್ಫಿಗೆ ಹೋಗುವುದಕ್ಕೆ ಇಷ್ಟು ಗಲಾಟೆಯಾ?
ಎಷ್ಟು ದೂರ?'
ಒಂದು ಗಂಟೆ, ಎಂದೆ.
ಆಕೆ ಸುಮ್ಮನಾದರು. ಅವರ ಪ್ರಕಾರ ನಾವು ಹೊರಟೇ ಇಲ್ಲ.

ಉಮ್ಮುಲ್ ಕುವೈನ್ ದಾಟಿತು. ಮುಂದೆ ಪಿಕಪ್ಪು,
ಮಲಗಿಸಬಾರದೆಂದು ನಿಲ್ಲಿಸಿ ಹಗ್ಗ ಬಿಗಿದ ಫ್ರಿಜ್ಜು
ತಪ್ಪು ಒಪ್ಪಿಕೊಳ್ಳದ ಕೈದಿಯ ಹಾಗೆ ಸೆಟೆದು ನಿಂತಿದೆ.
ಬೇಲಿಯಾಚೆ ಒಂಟೆಗಳು. ಅವಕ್ಕೆ ಸಾಮಾನಿಲ್ಲ.

ನಖೀಲಿನ ಈ ಮನೆಗೆ ವಿಳಾಸವಿಲ್ಲ.
ಮಸೀದಿಯ ಹಿಂದೆ, ಕೆಫೆಟೇರಿಯಾ ಎದುರು, ಬಿಳೀ ಕಟ್ಟಡ.
ಇಲ್ಲಿ ಎಲ್ಲವೂ ಬಿಳೀ ಕಟ್ಟಡ;
ಗುಲ್ಜಮಾನ್ ಮೂರು ಸಲ ಬೇರೆಯವರ ಮನೆ ಮುಂದೆ ಹಗ್ಗ ಬಿಚ್ಚಿದ.
ಕರೆಂಟು 'ಬುಕ್ರಾ' ಎಂದರು. ನಾಳೆ.
ಯಾರ ನಾಳೆ ಎಂದು ಕೇಳಲಿಲ್ಲ. ಜುಲೈ ತಿಂಗಳು.
ಬಾಗಿಲು ತೆರೆದಿಟ್ಟು, ಗ್ರೈಂಡರನ್ನು ಅಡ್ಡ ಕೊಟ್ಟು,
ಒದ್ದೆ ಬೈರಾಸಿನ ಮೇಲೆ ಮಗು ಮಲಗಿದೆ.

ಮೊಬೈಲಿನ ಬೆಳಕಿನಲ್ಲಿ ಶಿಲುಬೆಗೆ ಜಾಗ ಹುಡುಕುತ್ತ
ಗೋಡೆ ತಡವಿದೆ. ಒಂದು ಕಡೆ ಉಗುರಿಗೆ ಮೆತ್ತಗೆ ಸಿಕ್ಕಿತು,
ಕೆರೆದರೆ ಬಿಳೀ ಪುಡಿ.
ಮೂಸಿದೆ. ಪುದೀನ.

'ಸಿಪ್ರಿ, ಡ್ರಿಲ್ಲು ಬೇಡ,' ಎಂದೆ.
'ತೂತು ಇಲ್ಲಿದೆ.'