ಈ ವಾಕ್ಯದ ಕರ್ತೃ

ಗುರುವಾರ ಸಂಜೆ ಆರಕ್ಕೆ ಓಲ್ಡಮ್‌ನ ಚರ್ಚ್ ಹಾಲಿನಲ್ಲಿ
ನಾನು ಇಂಗ್ಲಿಷ್ ಕಲಿಸುತ್ತೇನೆ. ಸಂಬಳವಿಲ್ಲ, ಬಿಸ್ಕತ್ತುಂಟು.
ಮೂವತ್ತೆಂಟು ವರ್ಷ ಗಿರಣಿಗಳ ಬಾಯ್ಲರ್ ತಪಾಸಣೆ ಮಾಡಿದವನು;
ವ್ಯಾಕರಣವೂ ನನಗೆ ಹಬೆಯ ಕಡೆಯಿಂದಲೇ ಬಂದದ್ದು.

ಇವತ್ತು ಹಲಗೆಯ ಮೇಲೆ ಒಂದೇ ಪದ: ಕಂಡೆನ್ಸ್.
ಆರಿಸಿದವನು ನಾನಲ್ಲ. ನ್ಯಾನ್ ತಂದಳು,
ಕೌನ್ಸಿಲ್ಲಿನ ಕಾಗದದಲ್ಲಿ ಮಡಿಸಿ,
ಕಚ್ಚಿದ ಹುಳವನ್ನು ಡಾಕ್ಟರಿಗೆ ತೋರಿಸಲು ತರುವ ಹಾಗೆ.

ಮೊದಲು ಸುಲಭದ್ದು, ಅಂದೆ.
ಹಾಲನ್ನು ಕಾಯಿಸಿ ಕಾಯಿಸಿ ನೀರನ್ನು ಓಡಿಸಿದರೆ
ಉಳಿಯುವುದು ಡಬ್ಬಿಯೊಳಗಿನ ಆ ಮಂದ ಸಿಹಿ.
ಮಾಡುವವರೊಬ್ಬರು, ಮಾಡಿಸಿಕೊಳ್ಳುವುದೊಂದು: ಸಕರ್ಮಕ.
ನ್ಯಾನ್ ನಕ್ಕಳು. ಅವಳ ಹೈಫಾಂಗಿನಲ್ಲಿ
ಕಾಫಿ ಲೋಟದ ತಳಕ್ಕೆ ಅದನ್ನೇ ಎರಡು ಬೆರಳು ಸುರಿಯುತ್ತಾರಂತೆ,
ಹೆಸರು ಬರೀ ಗಟ್ಟಿ ಹಾಲು.
ಗಟ್ಟಿ ಅಂದರೆ ಸಾಕಲ್ಲ, ಇಷ್ಟುದ್ದದ ಪದ ಯಾಕೆ?
ನನ್ನ ಹತ್ತಿರ ಉತ್ತರವಿರಲಿಲ್ಲ. ಬಿಸ್ಕತ್ತು ದಾಟಿಸಿದೆ.

ಎರಡನೆಯದು ಮಾತಿನದು.
ಹತ್ತು ಪುಟ ಒಂದಾಗಬೇಕು, ಸಾರ ಸೋರಬಾರದು.
ಕತ್ತರಿಸುವುದು ಬೇರೆ: ಕತ್ತರಿ ಬಿಟ್ಟದ್ದು ನೆಲಕ್ಕೆ ಬೀಳುತ್ತದೆ.
ಇಲ್ಲಿ ಎಲ್ಲವೂ ಒಳಗೇ ಇರಬೇಕು, ಒತ್ತಿಕೊಂಡು,
ಕೊನೆಯ ಬಸ್ಸಿನ ಜನರ ಹಾಗೆ.
ಹಿಂದೆ ‘ಡೌನ್’ ಅಂತ ಬಾಲ ಹಚ್ಚಬೇಡಿ, ದಂಡ.
ಟೆಸ್ಫಾಲೆಮ್ ಬರೆದುಕೊಂಡ: ಬಾಲ ಬೇಡ.
ಆಮೇಲೆ ಪೆನ್ನಿನ ಮುಚ್ಚಳ ಕಚ್ಚುತ್ತ ಕೇಳಿದ:
ಆಫೀಸಿನಲ್ಲಿ ನಾನು ಇಪ್ಪತ್ತು ನಿಮಿಷ ಹೇಳಿದ್ದನ್ನು
ದುಭಾಷಿ ಒಂದೇ ಸಾಲಿನಲ್ಲಿ ಮುಗಿಸಿದ.
ಅದು ಇದೋ, ಕತ್ತರಿಯೋ?

ಮೂರನೆಯದಕ್ಕೆ ಓಡಿದೆ. ಅದು ನನ್ನ ಮನೆ.
ಹಬೆ ತಣ್ಣಗಿರುವುದನ್ನು ಮುಟ್ಟಿದರೆ ಹನಿಗಟ್ಟುತ್ತದೆ.
ಯಾರೂ ಮಾಡುವುದಿಲ್ಲ, ಆಗುತ್ತದೆ: ಅಕರ್ಮಕ.
ನೋಡಿ ಆ ಕಿಟಕಿ,
ನಮ್ಮ ಹನ್ನೊಂದು ಜನರ ಉಸಿರು, ಯಾರದ್ದು ಯಾವ ಹನಿಯೋ.
ಯಾವುದರ ಮೇಲೆ ಅನ್ನುವುದನ್ನು ಮಾತ್ರ ಮರೆಯಬೇಡಿ,
ಆ ಪುಟ್ಟ ‘ಆನ್’ ಇಲ್ಲದೆ ವಾಕ್ಯ ನಿಲ್ಲದು.

ಆಗ ಅವಳು ಕಾಗದ ಬಿಡಿಸಿದಳು.
ಹದಿಮೂರನೇ ಮಹಡಿ. ಮಗುವಿನ ಮಂಚದ ಹಿಂದೆ ಕರೀ ಬೂಷ್ಟು.
‘ಪರಿಶೀಲಿಸಲಾಗಿದೆ. ಸೋರಿಕೆ ಇಲ್ಲ. ಕಂಡೆನ್ಸೇಶನ್.
ಕಾರಣ, ನಿವಾಸಿಯ ಜೀವನಶೈಲಿ:
ಅಡುಗೆ, ಒಳಗೆ ಬಟ್ಟೆ ಒಣಗಿಸುವುದು, ಉಸಿರಾಟ.’
ಉಸಿರಾಟ ಅಂತ ನಿಜಕ್ಕೂ ಬರೆದಿತ್ತು.
ಕನ್ನಡಕ ಒರೆಸಿ ಮತ್ತೆ ಓದಿದೆ. ಇನ್ನೂ ಇತ್ತು.

ಮಿಸ್ಟರ್ ಹ್ಯಾಸ್ಲಮ್, ಈ ವಾಕ್ಯದ ಕರ್ತೃ
ನಾನೇನಾ?

ಒಡೆದ ಬಾಯ್ಲರುಗಳನ್ನು ನೋಡಿದ್ದೇನೆ, ಬೆಂದ ಕೈಗಳನ್ನೂ.
ಹಬೆಯ ಮೇಲೆ ತಪ್ಪು ಹೊರಿಸಿ
ಒಂದು ವರದಿಯನ್ನೂ ಬರೆದವನಲ್ಲ.
ಲೋಹ ಎಲ್ಲಿ ಸವೆದಿದೆ, ಯಾರು ಸಹಿ ಹಾಕಿದ್ದರು,
ನಾವು ಹುಡುಕುತ್ತಿದ್ದದ್ದು ಅದನ್ನು.

ಉತ್ತರಕ್ಕೆ ಕೆಳಗೊಂದು ಚೌಕ: ಐವತ್ತು ಪದ ಮೀರದಂತೆ.
ಎರಡನೆಯ ಅರ್ಥದಿಂದ ಮೂರನೆಯದನ್ನು ಹಿಡಿಯಬೇಕು.
ಕೂತೆವು, ಎಲ್ಲರೂ. ಮಗುವಿನ ಕೆಮ್ಮಿಗೆ ಎಷ್ಟು ಪದ?
‘ದಯವಿಟ್ಟು’ ಬೇಕೇ? ಟೆಸ್ಫಾಲೆಮ್ ಬೇಡವೆಂದ, ಅದು ಬಾಲ.
‘ತುಂಬಾ’ ಹೋಯಿತು. ‘ಬಹುಶಃ’ ಹೋಯಿತು.
ಬಾಗಿಲಲ್ಲಿ ಡೋರೀನ್ ಬೀಗದ ಕೈ ಕುಲುಕಿದಳು,
ಎರಡನೆಯ ಸಲ ಕುಲುಕಿದಳು, ಆಮೇಲೆ ಅವಳೂ ಬಂದು ಕೂತಳು.

‘ನಾವು ನಾಲ್ವರು ಉಸಿರಾಡುತ್ತೇವೆ, ಒಪ್ಪುತ್ತೇನೆ.
ಆ ಉಸಿರು ನಿಮ್ಮ ಗೋಡೆಯ ಮೇಲೆ ಹನಿಗಟ್ಟುತ್ತದೆ.
ಗೋಡೆ ತಣ್ಣಗಿದೆ. ಫ್ಯಾನು ಎರಡು ವರ್ಷದಿಂದ ಕೆಟ್ಟಿದೆ.
ಮಗಳಿಗೆ ಮೂರು ವರ್ಷ. ಕೆಮ್ಮುತ್ತಾಳೆ.
ಉಸಿರನ್ನು ನಿಲ್ಲಿಸಲಾರೆವು. ಗೋಡೆಯನ್ನು ಬೆಚ್ಚಗೆ ಮಾಡಿ.’

ಡೋರೀನ್ ಬೆರಳಿಟ್ಟು ಎಣಿಸಿದಳು. ಇಂಗ್ಲಿಷಿನಲ್ಲಿ ನಲವತ್ತೊಂದು.
ಇನ್ನೂ ಒಂಬತ್ತು ಬಾಕಿ, ಏನಾದರೂ ಸೇರಿಸೋಣ ಅಂದೆ,
ಸಿಕ್ಕ ಜಾಗ ಬಿಡಬಾರದಲ್ಲ.

ಖಾಲಿ ಇರಲಿ, ಅಂದಳು ನ್ಯಾನ್,
ಸ್ವಲ್ಪ ಗಾಳಿಯಾಡಲಿ.

ಮುಂದಿನ ವಾರದ ಪದ ಟೆಸ್ಫಾಲೆಮ್ ತರುತ್ತಾನಂತೆ.
ಯಾವುದು ಅಂತ ಹೇಳಲಿಲ್ಲ.
ಒಂದೇ ಸಾಲಿನದಲ್ಲ, ಅಂದ.